ಕೇಸ್ ಗೆದ್ದಿದ್ದೀಯ, ಇನ್ನು ಹಳೇ ಓನರ್ ಹತ್ರ ದುಡ್ಡು ವಸೂಲಿ: ಸೊಸೆಗೆ ಸೋದರಮಾವನ ಪತ್ರ

ಪ್ರೀತಿಯ ಪುಟ್ಟಿ,

ನಿಮ್ಮಮ್ಮ ಫೋನ್ ಮಾಡಿ ಎಲ್ಲಾ ಹೇಳಿದ್ಲು, ತುಂಬಾ ಖುಷಿಯಾಯ್ತು ಕಣಮ್ಮ. ಓದೋಕೆ ಅಂತ ಬಂದು ಕೆಲಸ ಹಿಡಿದು, ಒಬ್ಬಳೇ ಸ್ಯಾನ್ ಹೋಸೆಯ ಕೋರ್ಟಲ್ಲಿ ನಿಂತು, ಫೋಟೋ ತೋರಿಸಿ, ಅಗ್ರಿಮೆಂಟ್ ತೋರಿಸಿ, ಮನೆ ಬಿಟ್ಟು 21 ದಿನದೊಳಗೆ ಡೆಪಾಸಿಟ್ ವಾಪಸ್ಸು ಕೊಡಬೇಕು ಇಲ್ಲಾ ಯಾವುದಕ್ಕೆ ಎಷ್ಟು ಹಿಡ್ಕೊಂಡೆ ಅಂತ ಲೆಕ್ಕ ಕೊಡಬೇಕು ಅನ್ನೋ ಕ್ಯಾಲಿಫೋರ್ನಿಯಾ ಕಾನೂನನ್ನ ಜಡ್ಜ್ ಮುಂದೆ ನೀನೇ ಹೇಳಿದೆಯಂತೆ. 2,400 ಡಾಲರ್ ಡೆಪಾಸಿಟ್ಟು, ಬೇಕಂತಲೇ ಇಟ್ಕೊಂಡಿದ್ದಕ್ಕೆ ಮೇಲೆ ಇನ್ನೊಂದು 2,400, ಕೋರ್ಟ್ ಫೀಸು ಮತ್ತೆ ನೋಟಿಸ್ ಮುಟ್ಟಿಸಿದ ಖರ್ಚು 150, ಒಟ್ಟು 4,950 ಡಾಲರ್. ಇಷ್ಟನ್ನ ಬರೆಸ್ಕೊಂಡು ಬಂದಿದ್ದೀಯಲ್ಲ, ಅದು ಸಣ್ಣ ಮಾತಲ್ಲ.

ಆದ್ರೆ ನಿಮ್ಮಮ್ಮ ಇನ್ನೊಂದು ಮಾತೂ ಹೇಳಿದ್ಲು. ನೀನು ದಿನಾ ಮೇಲ್‌ಬಾಕ್ಸ್ ನೋಡ್ತಾ ಕೂತಿದ್ದೀಯಂತೆ, ಕೋರ್ಟಿಂದ ಚೆಕ್ಕು ಬರತ್ತೆ ಅಂತ. ಅದು ಬರಲ್ಲಮ್ಮ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗತ್ತೆ, ಒಂದೇ ಸಲ ಓದೋಕಾಗದಿದ್ರೆ ಎರಡು ಸಲಕ್ಕೆ ಓದು.

ಕೋರ್ಟು "ಇವನು ನಿನಗೆ ಇಷ್ಟು ಕೊಡಬೇಕು" ಅಂತ ಹೇಳತ್ತೆ, ಅಲ್ಲಿಗೆ ಅದರ ಕೆಲಸ ಮುಗೀತು. ಅವನ ಜೇಬಿಂದ ತೆಗೆದು ನಿನ್ನ ಕೈಗೆ ಹಾಕೋದು ಕೋರ್ಟಿನ ಕೆಲಸ ಅಲ್ಲ, ಅದು ನಿನ್ನದು. ನಾನು ಸ್ಯಾಕ್ರಮೆಂಟೋದಲ್ಲಿ ಇಷ್ಟು ವರ್ಷ ಸಣ್ಣ ಸಣ್ಣ ವ್ಯಾಪಾರದವರ ಲೆಕ್ಕ ಬರೀತಾ ಬಂದವನು, ಅವರಿಗೆ ಬರಬೇಕಾದ ಬಾಕಿಗೆ ಅವರ ಜೊತೆ ಸ್ಮಾಲ್ ಕ್ಲೇಮ್ಸ್, ಅಂದ್ರೆ ನೀನು ಹೋದಂಥ ಸಣ್ಣ ಮೊತ್ತದ ಕೇಸುಗಳ ಕೋರ್ಟಿನ, ಕಾಗದ ತುಂಬಿದ್ದೀನಿ, ಹೀಗಾಗಿ ನೋಡಿದ್ದು ಹೇಳ್ತೀನಿ: ಕೇಸ್ ಗೆದ್ದವರಲ್ಲಿ ಎಷ್ಟೋ ಜನ ಇಲ್ಲೇ ಸುಸ್ತಾಗಿ ಬಿಟ್ಟುಬಿಡ್ತಾರೆ. ಗೆದ್ದ ಕಾಗದ ಫೈಲಲ್ಲಿ ಕೂತಿರತ್ತೆ, ಕೊಡಬೇಕಾದವನು ಆರಾಮಾಗಿರ್ತಾನೆ, ಯಾಕಂದ್ರೆ ಅವನಿಗೂ ಗೊತ್ತು ಹೆಚ್ಚಿನವರು ಬೆನ್ನು ಹತ್ತಲ್ಲ ಅಂತ. ನೀನು ಹಾಗೆ ಬಿಡಬಾರದು. ನಿನ್ನ ವಿಷಯದಲ್ಲಿ ಒಂದು ದೊಡ್ಡ ಅನುಕೂಲ ಇದೆ, ಅದು ಬೇರೆ ಸಾಲ ವಸೂಲಿ ಮಾಡೋರಿಗೆ ಇರಲ್ಲ. ನಿನಗೆ ಕೊಡಬೇಕಾದವನು ಒಬ್ಬ ಮನೆ ಓನರ್. ಕೆಲಸ ಬದಲಾಯಿಸಿ ಊರು ಬಿಟ್ಟು ಹೋಗೋ ಮನುಷ್ಯನನ್ನ ಹುಡುಕೋದು ಕಷ್ಟ, ಮನೆ ಎದ್ದು ಎಲ್ಲಿಗೂ ಹೋಗಲ್ಲ. ಆ ಮನೆಗೆ ಪ್ರತಿ ತಿಂಗಳು ಬಾಡಿಗೆ ಬರ್ತಾ ಇರತ್ತೆ, ಆ ಬಾಡಿಗೆ ಯಾವ ಬ್ಯಾಂಕಿಗೆ ಹೋಗತ್ತೆ ಅನ್ನೋದಕ್ಕೆ ಸಾಕ್ಷಿ ನಿನ್ನ ಹತ್ರಾನೇ ಇದೆ, ಅದನ್ನ ಮುಂದೆ ಹೇಳ್ತೀನಿ.

ಮೊದಲು ದಿನದ ಲೆಕ್ಕ. ನಿನಗೆ ಬಂದಿರೋ ತೀರ್ಪಿನ ನೋಟಿಸ್ ಮೇಲೆ ಕ್ಲರ್ಕ್ ಅದನ್ನ ಮೇಲ್ ಮಾಡಿದ ತಾರೀಖು ಇರತ್ತೆ, ಅಥವಾ ಕೋರ್ಟಲ್ಲೇ ಕೈಗೆ ಕೊಟ್ಟಿದ್ರೆ ಆ ತಾರೀಖು. ಅಲ್ಲಿಂದ 30 ದಿನ ಅವನಿಗೆ ಅಪೀಲು ಹಾಕೋಕೆ ಟೈಮಿದೆ. ನೀನು ಕ್ಲೇಮ್ ಹಾಕಿದವಳು, ನೀನು ಅಪೀಲು ಹೋಗೋ ಹಾಗಿಲ್ಲ, ಅವನು ಹೋಗಬಹುದು, ಹೋದ್ರೆ ಬೇರೆ ಜಡ್ಜ್ ಮುಂದೆ ಕೇಸು ಪೂರ್ತಿ ಹೊಸದಾಗಿ ನಡೆಯತ್ತೆ, ಆಗ ಲಾಯರ್ ಕೂಡ ಇಟ್ಕೋಬಹುದು. ಅದಕ್ಕೇ ಫೋಟೋ, ಇಮೇಲ್, ಅಗ್ರಿಮೆಂಟು ಯಾವುದನ್ನೂ ಈಗಲೇ ಎತ್ತಿಟ್ಟುಬಿಡಬೇಡ, ಎಲ್ಲಾ ಒಂದೇ ಕವರಲ್ಲಿರಲಿ. ಈ 30 ದಿನ ಮುಗಿಯೋವರೆಗೂ ನೀನು ವಸೂಲಿಗೆ ಅಂತ ಏನೂ ಶುರು ಮಾಡೋ ಹಾಗಿಲ್ಲ. ಆದ್ರೆ ಸುಮ್ನೆ ಕೂರೋ ಟೈಮೂ ಅಲ್ಲ ಇದು, ಅವನ ಆಸ್ತಿ ಎಲ್ಲೆಲ್ಲಿದೆ ಅಂತ ಪತ್ತೆ ಮಾಡೋಕೆ ಯಾರ ಪರ್ಮಿಷನ್ನೂ ಬೇಡ.

ಇದೇ ಟೈಮಲ್ಲಿ ಅವನು ನಿನಗೊಂದು ಕಾಗದ ಕಳಿಸಬೇಕು. ಎಸ್‌ಸಿ-133 ಅಂತ ಒಂದು ಫಾರ್ಮು, ಅವನ ಕೆಲಸ, ಬ್ಯಾಂಕು, ಮನೆ, ಕಾರು ಎಲ್ಲಾ ಬರೆದು ಸಹಿ ಹಾಕಿ 30 ದಿನದೊಳಗೆ ನಿನಗೆ ಮೇಲ್ ಮಾಡಬೇಕು, ದುಡ್ಡು ಕೊಟ್ಟುಬಿಟ್ರೆ ಅಥವಾ ಅಪೀಲು ಹಾಕಿದ್ರೆ ಬೇಡ. ಹೆಚ್ಚಿನವರು ಕಳಿಸಲ್ಲ. ಕಳಿಸಲಿಲ್ಲ ಅಂತ ನೀನು ಬೇಜಾರು ಮಾಡ್ಕೊಂಡು ಫೋನ್ ಮಾಡಿ ಕೂಗಾಡಬೇಡ, ಕಳಿಸಲಿಲ್ಲ ಅನ್ನೋದನ್ನ ಬರೆದಿಟ್ಕೋ ಅಷ್ಟೇ, ಮುಂದೆ ಜಡ್ಜ್ ಮುಂದೆ ಅದೇ ಉಪಯೋಗಕ್ಕೆ ಬರತ್ತೆ.

ಈಗ ಬ್ಯಾಂಕಿನ ವಿಷಯ, ಇದನ್ನ ನಿಧಾನವಾಗಿ ಓದು. ನೀನು ಮೊದಲ ವರ್ಷ ಬಾಡಿಗೆನ ಚೆಕ್ಕಲ್ಲೇ ಕೊಡ್ತಿದ್ದೆ ಅಂತ ನಿಮ್ಮಮ್ಮ ಹೇಳಿದ್ಲು. ನಿನ್ನ ಬ್ಯಾಂಕ್ ಅಕೌಂಟಿಗೆ ಆನ್‌ಲೈನಲ್ಲಿ ಹೋಗಿ ಆ ಹಳೇ ಚೆಕ್ಕುಗಳ ಫೋಟೋ ತೆಗಿ, ಮುಂದಿನ ಮುಖ ಅಲ್ಲ, ಹಿಂಭಾಗ. ಅಲ್ಲಿ ಅವನ ಸಹಿ ಇರತ್ತೆ, ಕೆಳಗೋ ಅಡ್ಡಡ್ಡವಾಗೋ ಯಾವ ಬ್ಯಾಂಕಲ್ಲಿ ಜಮಾ ಆಯ್ತು ಅಂತ ಸೀಲಿನ ಥರ ಮಂಕು ಅಕ್ಷರದಲ್ಲಿ ಬಿದ್ದಿರತ್ತೆ, ಕೆಲವು ಸಲ ಅವನೇ ಅಕೌಂಟ್ ನಂಬರ್ ಬರೆದಿರ್ತಾನೆ. ಜೂಮ್ ಮಾಡಿ ನೋಡು. ಒಂದು ಚೆಕ್ಕಲ್ಲಿ ಕಾಣದಿದ್ರೆ ಇನ್ನೊಂದು ತೆಗಿ, ಮೊಬೈಲಿಂದ ಜಮಾ ಮಾಡಿದ್ದು ಒಂಥರಾ ಇರತ್ತೆ, ಕೌಂಟರಲ್ಲಿ ಕೊಟ್ಟಿದ್ದು ಇನ್ನೊಂಥರಾ ಇರತ್ತೆ. ಹಳೇ ಚೆಕ್ಕು ವೆಬ್‌ಸೈಟಲ್ಲಿ ಸಿಗದಿದ್ರೆ ಬ್ರಾಂಚಿಗೆ ಹೋಗಿ ಕಾಪಿ ಕೇಳು, ನಿನ್ನದೇ ಚೆಕ್ಕು, ಕೇಳೋ ಹಕ್ಕು ನಿನಗಿದೆ. ಆ ಒಂದು ಹಿಂಭಾಗದ ಫೋಟೋ ಸಿಕ್ಕಿದ್ರೆ ಅರ್ಧ ಕೆಲಸ ಆದ ಹಾಗೆ, ಬೇರೆಯವರು ಕೋರ್ಟಿಗೆ ಕರೆಸಿ ಪ್ರಮಾಣ ಮಾಡಿಸಿ ಕೇಳಿದ್ರೂ ಸಿಗದೇ ಒದ್ದಾಡೋ ಮಾಹಿತಿ ಅದು.

ಹಾಗೇ ಚೆಕ್ಕನ್ನ ಯಾರ ಹೆಸರಲ್ಲಿ ಬರೆದಿದ್ದೆ ಅನ್ನೋದನ್ನೂ ನೋಡು. ಅವನ ಸ್ವಂತ ಹೆಸರಾ, ಅವನು ಮಾಡ್ಕೊಂಡಿರೋ ಯಾವುದಾದ್ರೂ ಕಂಪನಿ ಅಂದ್ರೆ ಎಲ್‌ಎಲ್‌ಸಿ ಹೆಸರಾ? ನಿನ್ನ ತೀರ್ಪಲ್ಲಿ ಯಾರ ಹೆಸರಿದೆಯೋ ಅವರ ದುಡ್ಡನ್ನ ಮಾತ್ರ ನೀನು ಮುಟ್ಟಬಹುದು. ಅವನ ಹೆಸರಲ್ಲಿ ತೀರ್ಪಿದ್ದು ದುಡ್ಡೆಲ್ಲಾ ಎಲ್‌ಎಲ್‌ಸಿ ಅಕೌಂಟಲ್ಲಿದ್ರೆ ಬ್ಯಾಂಕಿನವರು ಕಾಗದ ವಾಪಸ್ ಕಳಿಸ್ತಾರೆ. ತೀರ್ಪಲ್ಲಿ ಹೆಸರಿನ ಸ್ಪೆಲ್ಲಿಂಗ್ ತಪ್ಪಿದ್ರೆ ಅದನ್ನ ಸರಿ ಮಾಡಿಸೋಕೆ ಎಸ್‌ಸಿ-108 ಅಂತ ಫಾರ್ಮಿದೆ, ಈಗಲೇ ಸರಿ ಮಾಡಿಸ್ಕೋ, ಮುಂದಿನ ಎಲ್ಲಾ ಕಾಗದಕ್ಕೂ ಅದೇ ಬುನಾದಿ. ಎಲ್‌ಎಲ್‌ಸಿ ಇದೆಯಾ ಇಲ್ವಾ ಅನ್ನೋದನ್ನ ಕಂಪನಿಗಳ ನೋಂದಣಿ ನೋಡ್ಕೊಳ್ಳೋ ಸೆಕ್ರೆಟರಿ ಆಫ್ ಸ್ಟೇಟ್ ವೆಬ್‌ಸೈಟಲ್ಲಿ ದುಡ್ಡಿಲ್ಲದೇ ಹುಡುಕಬಹುದು.

ಮನೆ ಯಾರ ಹೆಸರಲ್ಲಿದೆ ಅಂತ ನೋಡೋಕೆ ಕೌಂಟಿ (ಇಲ್ಲಿನ ಜಿಲ್ಲೆ) ರೆಕಾರ್ಡರ್, ಅಂದ್ರೆ ಆಸ್ತಿ ಪತ್ರ ದಾಖಲಿಸೋ, ಆಫೀಸಿಗೆ ಒಂದು ಸಲ ಹೋಗಿ ಬಾ. ನೀನಿದ್ದ ಮನೆ ಸಾಂತಾ ಕ್ಲಾರಾ ಕೌಂಟಿ, ಫ್ರೀಮಾಂಟಲ್ಲೂ ಅವನದೊಂದು ಡ್ಯೂಪ್ಲೆಕ್ಸ್ ಇದೆ ಅಂತಾನೆ ಅಂದೆಯಲ್ಲ, ಅದು ಅಲಮೀಡಾ ಕೌಂಟಿ, ಅದರ ರೆಕಾರ್ಡರ್ ಆಫೀಸ್ ಓಕ್ಲೆಂಡಲ್ಲಿದೆ. ಹೆಸರು ಹಾಕಿ ಹುಡುಕಿದ್ರೆ ಅವನು ಕೊಂಡಿದ್ದು, ಮಾರಿದ್ದು, ಅಡ ಇಟ್ಟಿದ್ದು ಎಲ್ಲಾ ಸಾಲಾಗಿ ಬರತ್ತೆ. ಮನೆ ಫ್ಯಾಮಿಲಿ ಟ್ರಸ್ಟ್ ಹೆಸರಲ್ಲಿದೆ ಅಂತ ಕಂಡ್ರೆ ಎದೆಗುಂದಬೇಡ, ಇಲ್ಲಿ ಮನೆ ಇರೋರು ಸುಮಾರು ಜನ ಹಾಗೇ ಮಾಡಿರ್ತಾರೆ, ಅವನೇ ಬದುಕಿರುವಾಗ ಯಾವಾಗ ಬೇಕಾದ್ರೂ ರದ್ದು ಮಾಡಬಹುದಾದ ಟ್ರಸ್ಟ್ ಆದ್ರೆ ಅದರಲ್ಲಿರೋ ಆಸ್ತಿ ಅವನ ಸಾಲಕ್ಕೆ ಸಿಗತ್ತೆ ಅನ್ನೋದು ಈ ರಾಜ್ಯದ ಕಾನೂನು, ಕಾಗದ ಹೇಗೆ ಬರೀಬೇಕು ಅನ್ನೋದನ್ನ ಮಾತ್ರ ಕೇಳಿ ತಿಳ್ಕೋ. ಕೇಳೋಕೆ ಎಲ್ಲಾ ಕೌಂಟಿಯಲ್ಲೂ ಸ್ಮಾಲ್ ಕ್ಲೇಮ್ಸ್ ಅಡ್ವೈಸರ್ ಅಂತ ಇರ್ತಾರೆ, ಪೂರ್ತಿ ಫ್ರೀ, ನಾನು ನೋಡಿದ ಹಾಗೆ ಒಳ್ಳೆ ಮನಸ್ಸಿನ ಜನ. ಅವರಿಗೆ ಫೋನ್ ಮಾಡೋಕೆ ಸಂಕೋಚ ಪಡಬೇಡ, ಅದಕ್ಕೇ ಇರೋದು ಅವರು.

30 ದಿನ ಮುಗಿದ ಮೇಲೆ ಅವನಿಗೆ ಒಂದೇ ಒಂದು ಪತ್ರ ಬರಿ. ಚಿಕ್ಕದು, ಮರ್ಯಾದೆಯದ್ದು. ತೀರ್ಪಿನ ಕಾಪಿ ಇಟ್ಟಿದ್ದೀನಿ, ಇಷ್ಟು ಬಾಕಿ, ಇಂಥ ತಾರೀಖಿನೊಳಗೆ ಈ ವಿಳಾಸಕ್ಕೆ ಚೆಕ್ಕು ಕಳಿಸಿ, ಅಷ್ಟೇ. ಬಡ್ಡಿ ವಿಷಯ ಒಂದು ಸಾಲು ಸೇರಿಸು: ಕ್ಯಾಲಿಫೋರ್ನಿಯಾದಲ್ಲಿ ಇಂಥ ತೀರ್ಪಿನ ದುಡ್ಡಿಗೆ ವರ್ಷಕ್ಕೆ ನೂರಕ್ಕೆ 10ರಂತೆ ಸರಳ ಬಡ್ಡಿ ಬೀಳತ್ತೆ, ನಿನ್ನ 4,950ಕ್ಕೆ ವರ್ಷಕ್ಕೆ 495 ಡಾಲರ್, ದಿನಕ್ಕೆ ಒಂದು ಡಾಲರ್ 36 ಸೆಂಟ್ ಹತ್ರ. ದಿನದ ಲೆಕ್ಕ ಬರೆದ್ರೆ ಕೆಲವರಿಗೆ ಅಲ್ಲೇ ತಟ್ಟತ್ತೆ. ಆದ್ರೆ ನಿನಗೆ ಅವನ ಬ್ಯಾಂಕು ಗೊತ್ತು, ಫ್ರೀಮಾಂಟ್ ಮನೆ ಗೊತ್ತು ಅನ್ನೋದನ್ನ ಅದರಲ್ಲಿ ಬರೀಬೇಡ, ಬಾಯಿ ಬಿಟ್ಟೂ ಹೇಳಬೇಡ, ಆ ಮನೆಯಲ್ಲಿ ಈಗ್ಲೂ ಇರೋ ನಿನ್ನ ಹಳೇ ರೂಮ್‌ಮೇಟ್ ಹತ್ರಾನೂ ಬೇಡ. ಗೊತ್ತಾದ್ರೆ ಮಾರನೇ ದಿನಾನೇ ದುಡ್ಡು ಬೇರೆ ಕಡೆ ಹೋಗಿರತ್ತೆ.

ಪತ್ರಕ್ಕೆ ಉತ್ತರ ಬಂದು "ಒಂದೇ ಸಲ ಕೊಡೋಕಾಗಲ್ಲ, ಕಂತಲ್ಲಿ ಕೊಡ್ತೀನಿ" ಅಂದ್ರೆ ಯೋಚನೆ ಮಾಡು, ನಿಜವಾಗಿ ಕೊಡೋ ಹಾಗಿದ್ರೆ ಒಪ್ಕೋ, ಬರವಣಿಗೆಯಲ್ಲಿ ಮಾಡ್ಕೋ. ಮನುಷ್ಯರಿಗೆ ಕಷ್ಟ ಅನ್ನೋದು ಇರತ್ತೆ, ನಾವು ಕಟುಕರಾಗಬಾರದು. ಆದ್ರೆ "ಪೂರ್ತಿ ಲೆಕ್ಕ ಚುಕ್ತಾ" ಅಂತ ಬರೆದು ಸಾವಿರ ಡಾಲರ್ ಚೆಕ್ಕು ಕಳಿಸಿದ್ರೆ ಬ್ಯಾಂಕಿಗೆ ಹಾಕೋಕೆ ಮುಂಚೆ ಅಡ್ವೈಸರ್‌ಗೆ ಫೋನ್ ಮಾಡು.

ಉತ್ತರ ಬರಲಿಲ್ಲ ಅನ್ಕೋ. ಆಗ ಕೋರ್ಟ್ ಕ್ಲರ್ಕ್ ಹತ್ರ ರಿಟ್ ಆಫ್ ಎಕ್ಸಿಕ್ಯೂಷನ್ ತಗೋಬೇಕು, ಇಜೆ-130 ಅನ್ನೋ ಫಾರ್ಮು, ಫೀಸು 40 ಡಾಲರ್. ಆಸ್ತಿ ಯಾವ ಕೌಂಟಿಯಲ್ಲಿದೆಯೋ ಆ ಕೌಂಟಿ ಹೆಸರು ಹಾಕಿ ತಗೋಬೇಕು, 180 ದಿನ ಚಾಲ್ತಿಯಲ್ಲಿರತ್ತೆ. ಇದು ಶೆರಿಫ್‌ಗೆ ಕೋರ್ಟು ಕೊಡೋ ಹುಕುಂ, ಶೆರಿಫ್ ಅಂದ್ರೆ ಕೌಂಟಿಯ ಪೊಲೀಸ್ ಅಧಿಕಾರಿ, ಕೋರ್ಟಿನ ಆದೇಶ ಜಾರಿ ಮಾಡೋರು. ಇದನ್ನ ಹಿಡ್ಕೊಂಡು ಶೆರಿಫ್ ಆಫೀಸಿನ ಸಿವಿಲ್ ವಿಭಾಗಕ್ಕೆ ಹೋಗಿ, ಇಂಥ ಬ್ಯಾಂಕಿನ ಇಂಥ ಅಕೌಂಟಿಗೆ ಲೆವಿ ಹಾಕಿ, ಅಂದ್ರೆ ಅದರ ದುಡ್ಡು ಜಪ್ತಿ ಮಾಡಿ ಅಂತ ಬರೆದು ಕೊಟ್ಟು ಅವರ ಫೀಸು ಕಟ್ಟಿದ್ರೆ, ಅವರು ಬ್ಯಾಂಕಿಗೆ ಕಾಗದ ಮುಟ್ಟಿಸ್ತಾರೆ, ಬ್ಯಾಂಕು ಆ ದಿನ ಇರೋ ದುಡ್ಡನ್ನ ಹಿಡಿಯತ್ತೆ. ಆ ದಿನ ಇರೋದು ಅಂದ್ನಲ್ಲ, ಅದೇ ಮುಖ್ಯ. ನಾಳೆ ಬರೋ ದುಡ್ಡಿಗೆ ಈ ಲೆವಿ ಅನ್ವಯಿಸಲ್ಲ, ಬರೀ ಕಾಗದ ಮುಟ್ಟಿದ ಹೊತ್ತಿಗೆ ಎಷ್ಟಿತ್ತೋ ಅಷ್ಟು. ಹಾಗಾಗಿ ಓನರ್ ಅಕೌಂಟಲ್ಲಿ ದುಡ್ಡು ಯಾವಾಗಿರತ್ತೆ ಅಂತ ಯೋಚನೆ ಮಾಡು. ತಿಂಗಳ ಒಂದನೇ ತಾರೀಖಿಗೆ ಬಾಡಿಗೆ, ನಿನ್ನ ಅಗ್ರಿಮೆಂಟಲ್ಲೂ ಹಾಗೇ ಇತ್ತು, ಐದರೊಳಗೆ ಎಲ್ಲರದ್ದೂ ಬಂದಿರತ್ತೆ, ಹತ್ತು ಹದಿನೈದರ ಹೊತ್ತಿಗೆ ಬ್ಯಾಂಕಿನ ಸಾಲದ ಕಂತು ಹೋಗಿರತ್ತೆ. ಮೂರರಿಂದ ಆರನೇ ತಾರೀಖಿನೊಳಗೆ ಲೆವಿ ಬಿದ್ರೆ ಒಳ್ಳೇದು. ಶೆರಿಫ್ ಆಫೀಸಿಗೆ ನಿನ್ನ ತಾರೀಖಿಗೇ ಮುಟ್ಟಿಸಿ ಅಂತ ಹೇಳೋಕಾಗಲ್ಲ, ಅವರಿಗೆ ಕೆಲಸ ಜಾಸ್ತಿ, ಅದಕ್ಕೆ ರಿಜಿಸ್ಟರ್ಡ್ ಪ್ರೋಸೆಸ್ ಸರ್ವರ್, ಅಂದ್ರೆ ಕೋರ್ಟ್ ಕಾಗದ ಮುಟ್ಟಿಸೋದೇ ಕೆಲಸ ಆಗಿರೋ ಖಾಸಗಿಯವರು, ಅವರ ಮೂಲಕ ಬ್ಯಾಂಕಿಗೆ ಮುಟ್ಟಿಸೋ ದಾರಿನೂ ಕಾನೂನಲ್ಲಿದೆ, ಸ್ವಲ್ಪ ಹೆಚ್ಚು ಖರ್ಚು, ದಿನ ನಮ್ಮ ಕೈಯಲ್ಲಿರತ್ತೆ. ನಾನಾಗಿದ್ರೆ ಹಾಗೇ ಮಾಡಿಸ್ತೀನಿ.

ಇನ್ನೊಂದು ವಿಷಯ, ಸ್ವಂತ ಹೆಸರಿನ ಅಕೌಂಟಾದ್ರೆ ಜೀವನಕ್ಕೆ ಅಂತ ಎರಡು ಸಾವಿರ ಡಾಲರ್‌ಗಿಂತ ಸ್ವಲ್ಪ ಜಾಸ್ತಿ ಮೊತ್ತವನ್ನ ಬ್ಯಾಂಕು ಮುಟ್ಟೋ ಹಾಗಿಲ್ಲ, ಆ ಮೊತ್ತ ಪ್ರತಿ ವರ್ಷ ಬದಲಾಗತ್ತೆ. ಅವನ ಅಕೌಂಟಲ್ಲಿ ಅವತ್ತು ಮೂರು ಸಾವಿರ ಇದ್ರೆ ನಿನಗೆ ಸಿಗೋದು ಎಂಟುನೂರೋ ಏನೋ. ಇದು ಗೊತ್ತಿಲ್ದೇ ತಿಂಗಳ ಕೊನೇಲಿ ಲೆವಿ ಹಾಕಿ ಏನೂ ಸಿಗದೇ, ಫೀಸೂ ಹೋಗಿ, ಅವನಿಗೆ ವಿಷಯಾನೂ ಗೊತ್ತಾಗಿ ಕೂತವರನ್ನ ನೋಡಿದ್ದೀನಿ, ನೋಡಿ ಹೊಟ್ಟೆ ಉರಿದಿದೆ. ಮತ್ತೆ ದುಡ್ಡು ಹಿಡಿದ ಕೂಡಲೇ ನಿನ್ನ ಕೈಗೆ ಬರಲ್ಲ, ಅವನು ಆಕ್ಷೇಪಣೆ ಹಾಕೋಕೆ ಟೈಮ್ ಕೊಟ್ಟು, ಬ್ಯಾಂಕಿಂದ ಶೆರಿಫ್‌ಗೆ, ಶೆರಿಫ್‌ನಿಂದ ನಿನಗೆ ಅಂತ ಬರೋಷ್ಟರಲ್ಲಿ ವಾರಗಟ್ಟಲೆ ಆಗತ್ತೆ, ಗಾಬರಿ ಆಗಬೇಡ.

ಈ ಲೆವಿ ಬಿದ್ದ ಮೇಲೆ ಗುಟ್ಟು ಅನ್ನೋದು ಮುಗೀತು, ಆಗ ಮನೆ ಮೇಲೆ ಲೀನ್, ಅಂದ್ರೆ ಬಾಕಿಯ ಋಣಭಾರ, ಹಾಕು. ಅಬ್‌ಸ್ಟ್ರಾಕ್ಟ್ ಆಫ್ ಜಡ್ಜ್‌ಮೆಂಟ್ ಅಂತ, ಇಜೆ-001, ಕ್ಲರ್ಕ್ ಹತ್ರ ಮಾಡಿಸಿ ಕೌಂಟಿ ರೆಕಾರ್ಡರ್ ಆಫೀಸಲ್ಲಿ ದಾಖಲು ಮಾಡಿಸಿದ್ರೆ ಆ ಕೌಂಟಿಯಲ್ಲಿ ಅವನ ಹೆಸರಲ್ಲಿರೋ ಮನೆ ಜಮೀನಿನ ಮೇಲೆಲ್ಲಾ ನಿನ್ನ ಬಾಕಿ ಕೂರತ್ತೆ, ಮುಂದೆ ಕೊಂಡ್ರೂ ಅದರ ಮೇಲೂ ಕೂರತ್ತೆ. ಒಂದು ಕೌಂಟಿಯಲ್ಲಿ ಮಾಡಿಸಿದ್ದು ಇನ್ನೊಂದಕ್ಕೆ ನಡೆಯಲ್ಲ, ಸಾಂತಾ ಕ್ಲಾರಾದಲ್ಲಿ ಒಂದು, ಅಲಮೀಡಾದಲ್ಲಿ ಒಂದು, ಎರಡು ಕಡೆನೂ ಬೇಕು. ದಾಖಲಾದ ಮೇಲೆ ರೆಕಾರ್ಡರ್ ಆಫೀಸೇ ಅವನಿಗೆ ಒಂದು ನೋಟಿಸ್ ಕಳಿಸತ್ತೆ, ನಿನ್ನ ಆಸ್ತಿ ಮೇಲೆ ಲೀನ್ ಬಿದ್ದಿದೆ ಅಂತ. ಇದಕ್ಕೇ ನಾನು ಮೊದಲು ಬ್ಯಾಂಕು, ಆಮೇಲೆ ಲೀನ್ ಅಂದಿದ್ದು, ಆ ನೋಟಿಸ್ ಕೈಗೆ ಬಂದವನು ಅಕೌಂಟ್ ಖಾಲಿ ಮಾಡಿಬಿಡ್ತಾನೆ.

ಲೀನಿಂದ ಇವತ್ತೇ ದುಡ್ಡು ಬರಲ್ಲ ನಿಜ. ಆದ್ರೆ ಅವನು ಮನೆ ಮಾರೋಕೆ ಹೋದಾಗ, ಬಡ್ಡಿ ಕಡಿಮೆ ಆಯ್ತು ಅಂತ ಹೊಸ ಲೋನ್‌ಗೆ ಬದಲಾಯಿಸೋಕೆ ಹೋದಾಗ, ಆಸ್ತಿ ಹಕ್ಕು ಪರಿಶೀಲಿಸೋ ಟೈಟಲ್ ಕಂಪನಿಯವರು ಕಾಗದ ಪತ್ರ ತೆಗೆದು ನೋಡಿ, ಇದನ್ನ ಮೊದಲು ತೀರಿಸಿ ಬನ್ನಿ ಅಂತಾರೆ. ಬಾಡಿಗೆ ಮನೆ ವ್ಯವಹಾರ ಮಾಡೋರು ಲೋನ್ ಇಲ್ದೇ ಇರಲ್ಲ, ಒಂದಲ್ಲ ಒಂದು ದಿನ ಹೋಗೇ ಹೋಗ್ತಾರೆ. ಅಲ್ಲಿವರೆಗೂ ಬಡ್ಡಿ ಬೆಳೀತಾ ಇರತ್ತೆ. ತೀರ್ಪಿನ ಆಯಸ್ಸು 10 ವರ್ಷ, ಅದು ಮುಗಿಯೋಕೆ ಮುಂಚೆ ಅರ್ಜಿ ಹಾಕಿ ಮುಂದುವರಿಸಬಹುದು. ಆ ಮನೆಯನ್ನೇ ಹರಾಜು ಹಾಕಿಸ್ತೀನಿ ಅಂತ ಮಾತ್ರ ಹೊರಡಬೇಡ, ಐದು ಸಾವಿರ ಡಾಲರ್‌ಗೆ ಅದು ಖರ್ಚಿನ ದಾರಿ, ಬೇಡ. ಕ್ರೆಡಿಟ್ ರಿಪೋರ್ಟಲ್ಲಿ ಬಂದು ಅವನಿಗೆ ಬಿಸಿ ಮುಟ್ಟತ್ತೆ ಅಂತ ನಿನ್ನ ಫ್ರೆಂಡ್ ಹೇಳಿದ್ದು ಹಳೇ ಕಾಲದ ಮಾತು, 2017ರಲ್ಲಿ ಮೂರೂ ದೊಡ್ಡ ಕ್ರೆಡಿಟ್ ಕಂಪನಿಗಳು ಇಂಥ ತೀರ್ಪುಗಳನ್ನ ತೆಗೆಯೋಕೆ ಶುರು ಮಾಡಿದ್ವು, ಈಗ ಬರಲ್ಲ. ರೆಕಾರ್ಡರ್ ಪುಸ್ತಕದಲ್ಲಿ ಕೂತಿರೋ ಲೀನೇ ನಿಜವಾದ ಒತ್ತಡ.

ಬ್ಯಾಂಕಲ್ಲಿ ಪೂರ್ತಿ ಸಿಗಲಿಲ್ಲ, ಅಥವಾ ಚೆಕ್ಕಿನ ಹಿಂದೆ ಏನೂ ಕಾಣಲಿಲ್ಲ ಅಂದ್ರೆ ಮುಂದಿನ ದಾರಿ ಅವನನ್ನ ಕೋರ್ಟಿಗೆ ಕರೆಸಿ ವಿಚಾರಿಸೋದು. ಎಸ್‌ಸಿ-134 ಅನ್ನೋ ಫಾರ್ಮು, ಸಾಲಗಾರನ ವಿಚಾರಣೆ ಅಂತ ಇಟ್ಕೋ. ಇದನ್ನ ಮೇಲ್ ಮಾಡಿದ್ರೆ ನಡೆಯಲ್ಲ, ಶೆರಿಫ್ ಅಥವಾ ರಿಜಿಸ್ಟರ್ಡ್ ಪ್ರೋಸೆಸ್ ಸರ್ವರ್ ಅವನ ಕೈಗೇ ಕೊಡಬೇಕು, ತಾರೀಖಿಗೆ ಸಾಕಷ್ಟು ಮುಂಚೆ ಕೊಡಬೇಕು, ಎಷ್ಟು ದಿನ ಮುಂಚೆ ಅನ್ನೋದು ಆರ್ಡರ್ ಮೇಲೇ ಬರೆದಿರತ್ತೆ. ಸರಿಯಾಗಿ ಮುಟ್ಟಿಸಿದ ಮೇಲೂ ಅವನು ಬರದಿದ್ರೆ ಜಡ್ಜ್ ವಾರಂಟ್ ಹೊರಡಿಸಬಹುದು, ಇದು ಅವನಿಗೂ ಗೊತ್ತಾಗತ್ತೆ, ಅಲ್ಲಿವರೆಗೂ ಬಾಯಿ ಬಿಡದವರು ಕೂಡ ಎಷ್ಟೋ ಜನ ವಾರಂಟ್ ಅಂದ ತಕ್ಷಣ ಚೆಕ್ಕು ಬರೆದುಬಿಡ್ತಾರೆ.

ವಿಚಾರಣೆ ಅಂದ್ರೆ ನೀನು ಮೊದಲು ಮಾತಾಡಿದ ಹಾಗೆ ಜಡ್ಜ್ ಮುಂದೆ ವಾದ ಅಲ್ಲ. ಸಾಮಾನ್ಯವಾಗಿ ಅವನಿಗೆ ಪ್ರಮಾಣ ಮಾಡಿಸಿ, ಹೊರಗೆ ಕಾರಿಡಾರಲ್ಲೋ ಖಾಲಿ ರೂಮಲ್ಲೋ ಕೂತು ನೀವಿಬ್ಬರೇ ಮುಗಿಸ್ಕೊಳ್ಳಿ ಅಂತ ಕಳಿಸ್ತಾರೆ. ಮರದ ಬೆಂಚ್ ಮೇಲೆ ಅವನು ಒಂದು ಕಡೆ, ನೀನು ಒಂದು ಕಡೆ, ಸುತ್ತ ಜನ ಓಡಾಡ್ತಾ ಇರ್ತಾರೆ. ಒಬ್ಬಳೇ ಹೋಗಬೇಡ, ನಾನು ಬರ್ತೀನಿ, ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ. ಪ್ರಶ್ನೆ ಎಲ್ಲಾ ಬರ್ಕೊಂಡು ಹೋಗು, ಉತ್ತರ ಬರ್ಕೋ. ಯಾವ ಬ್ಯಾಂಕು, ಯಾವ ಬ್ರಾಂಚು, ಅಕೌಂಟಲ್ಲಿ ಬೇರೆ ಯಾರ ಹೆಸರಿದೆ. ಈಗ ಆ ಮನೆಯಲ್ಲಿ ಯಾರಿದ್ದಾರೆ, ಬಾಡಿಗೆ ಎಷ್ಟು, ಯಾವ ತಾರೀಖು, ಚೆಕ್ಕಾ ಆನ್‌ಲೈನಾ, ಮಧ್ಯದಲ್ಲಿ ಮ್ಯಾನೇಜ್‌ಮೆಂಟ್ ಕಂಪನಿ ಇದೆಯಾ. ಅವರ ಡೆಪಾಸಿಟ್ ಎಲ್ಲಿಟ್ಟಿದ್ದಾನೆ. ಬೇರೆ ಕೆಲಸ ಇದೆಯಾ, ಸಂಬಳ ಬರತ್ತಾ, ಸಂಬಳ ಬರೋದಾದ್ರೆ ಅದರಲ್ಲಿ ಒಂದು ಭಾಗ ಹಿಡಿಸೋ ದಾರಿನೂ ಇದೆ. ಬ್ಯಾಂಕ್ ಸ್ಟೇಟ್‌ಮೆಂಟು, ಬಾಡಿಗೆ ಅಗ್ರಿಮೆಂಟು ತರಬೇಕು ಅಂತ ಮೊದಲೇ ಎಸ್‌ಸಿ-107 ಸಬ್‌ಪೀನಾ ಜೊತೆಗೆ ಮುಟ್ಟಿಸಿದ್ರೆ ಬಾಯಿಮಾತಿಗೆ ಬಿಡೋ ಪ್ರಶ್ನೆನೇ ಇರಲ್ಲ. ಅವನು ಉತ್ತರ ಕೊಡದೇ ಸತಾಯಿಸಿದ್ರೆ ಜಗಳಕ್ಕೆ ಇಳೀಬೇಡ, ಎದ್ದು ಒಳಗೆ ಹೋಗಿ ಜಡ್ಜ್‌ಗೆ ಹೇಳು.

ಬಾಡಿಗೆ ವಿಷಯ ಕೇಳು ಅಂದಿದ್ದು ಸುಮ್ನೆ ಅಲ್ಲ. ಅವನಿಗೆ ಬರೋ ಬಾಡಿಗೆಯನ್ನ ನಿನ್ನ ಬಾಕಿ ತೀರೋವರೆಗೂ ನಿನಗೇ ವರ್ಗಾಯಿಸಿ ಅಂತ ಕೋರ್ಟಿಂದ ಆರ್ಡರ್ ಕೇಳೋಕೆ ಬರತ್ತೆ, ಅಸೈನ್‌ಮೆಂಟ್ ಆರ್ಡರ್ ಅಂತಾರೆ, ಕಾನೂನಲ್ಲಿ ಬಾಡಿಗೆ ಅಂತ ಹೆಸರು ಹಿಡಿದೇ ಬರೆದಿದೆ. ಅದಕ್ಕೆ ತಯಾರು ಫಾರ್ಮ್ ಇಲ್ಲ, ಅರ್ಜಿ ಬರೆದು ಹಾಕಬೇಕು, ಸ್ವಲ್ಪ ತಲೆನೋವಿನ ಕೆಲಸ, ಅಡ್ವೈಸರ್ ಸಹಾಯ ಬೇಕಾಗತ್ತೆ. ಇದು ಕೊನೇ ದಾರಿ ಅಂತ ಇಟ್ಕೋ. ಇಲ್ಲಿ ಒಂದು ಮಾತು ನೆನಪಿಟ್ಕೋ ಮಗು. ಈಗ ಆ ಮನೆಯಲ್ಲಿರೋರು ನಿನ್ನ ಹಾಗೇ ಬಾಡಿಗೆಗೆ ಬಂದವರು. ಕೋರ್ಟ್ ಆರ್ಡರ್ ಕೈಗೆ ಬರದೇ ಅವರ ಬಾಗಿಲಿಗೆ ಹೋಗಿ ಬಾಡಿಗೆ ನನಗೆ ಕೊಡಿ ಅಂತ ಹೇಳಬೇಡ, ಅದು ಕಾನೂನಿಗೂ ಸರಿ ಹೋಗಲ್ಲ, ಆ ಮನೆಯವರು ಭಯ ಬೀಳ್ತಾರೆ. ನಾವು ಪಡೆದುಕೊಳ್ಳೋದು ಅವನಿಂದ, ಅವರಿಂದ ಅಲ್ಲ.

ಅದೇ ಮಾತು ನಿನ್ನ ನಡವಳಿಕೆಗೂ. ರಾತ್ರಿ ಹೊತ್ತು ಮೆಸೇಜ್ ಹಾಕೋದು, ಅವನ ಹೆಂಡತಿಗೆ ಫೋನ್ ಮಾಡೋದು, ಅವನ ಕೆಲಸದ ಜಾಗದಲ್ಲಿ ಮಾನ ಕಳೀತೀನಿ ಅನ್ನೋದು, ಇಮಿಗ್ರೇಷನ್‌ಗೆ ಹೇಳ್ತೀನಿ ಪೊಲೀಸ್‌ಗೆ ಹೇಳ್ತೀನಿ ಅನ್ನೋದು, ಯಾವುದೂ ಬೇಡ. ಸಿಟ್ಟು ಬರತ್ತೆ, ಬರಬೇಕಾದ್ದೇ, ನಿನ್ನ ದುಡಿಮೆ ದುಡ್ಡು ಅದು. ಆದ್ರೆ ಆ ಥರ ಒಂದು ಮೆಸೇಜ್ ಹೋದ್ರೆ ಅದನ್ನ ಹಿಡ್ಕೊಂಡು ಅವನೇ ಜಡ್ಜ್ ಮುಂದೆ ನಿಲ್ತಾನೆ. ಮಾತಾಡೋ ಸಂದರ್ಭ ಬಂದ್ರೆ "ಸರ್" ಅಂತಾನೇ ಮಾತಾಡು, ಬರೆದಿದ್ದೆಲ್ಲಾ ಜಡ್ಜ್ ಓದ್ತಾರೆ ಅನ್ಕೊಂಡೇ ಬರಿ. ಅವನು ದಿವಾಳಿ ಅಂತ ಬ್ಯಾಂಕ್ರಪ್ಸಿ ಹಾಕಿದ ನೋಟಿಸ್ ಬಂದ್ರೆ ಅದೇ ಕ್ಷಣ ಎಲ್ಲಾ ನಿಲ್ಲಿಸಿಬಿಡು, ಆ ಮೇಲೆ ವಸೂಲಿಗೆ ಕೈ ಹಾಕಿದ್ರೆ ನೀನೇ ತಪ್ಪುಗಾರ್ತಿ ಆಗ್ತೀಯ, ಆ ಕೋರ್ಟಲ್ಲಿ ನಿನ್ನ ಬಾಕಿ ದಾಖಲು ಮಾಡೋ ಕ್ರಮವೇ ಬೇರೆ.

"ನಿಮ್ಮ ತೀರ್ಪು ನಮಗೆ ಕೊಡಿ, ನಾವು ವಸೂಲಿ ಮಾಡ್ಕೊಡ್ತೀವಿ" ಅಂತ ಕಾಗದ, ಫೋನು ಬರಬಹುದು. ಕೋರ್ಟ್ ದಾಖಲೆ ನೋಡಿ ಕರೀತಾರೆ. ಮೊದಲೇ ದುಡ್ಡು ಕೇಳಿದ್ರೆ ಫೋನ್ ಇಟ್ಬಿಡು. ಸರಿಯಾದವರೇ ಆದ್ರೂ ದೊಡ್ಡ ಪಾಲು ಅವರೇ ತಗೋತಾರೆ, ಇಷ್ಟು ಸುಲಭವಾಗಿ ಪತ್ತೆ ಇರೋ ಮನುಷ್ಯನಿಗೆ ಅವರ ಅವಶ್ಯಕತೆ ನಿನಗಿಲ್ಲ.

ಖರ್ಚಿನ ಲೆಕ್ಕ ಒಂದು ಪುಸ್ತಕದಲ್ಲಿ ಬರೀತಾ ಹೋಗು. ರಿಟ್‌ಗೆ ಕೊಟ್ಟ 40, ಶೆರಿಫ್ ಫೀಸು, ರೆಕಾರ್ಡರ್ ಫೀಸು, ಪ್ರೋಸೆಸ್ ಸರ್ವರ್‌ಗೆ ಕೊಟ್ಟಿದ್ದು, ಎಲ್ಲದಕ್ಕೂ ರಸೀದಿ ಇಟ್ಕೋ. ಎಂಸಿ-012 ಅನ್ನೋ ಫಾರ್ಮಲ್ಲಿ ಖರ್ಚು ಮತ್ತೆ ಬಡ್ಡಿ ಎರಡೂ ತೋರಿಸಿ ಅವನ ಬಾಕಿಗೇ ಸೇರಿಸಬಹುದು, ಆದ್ರೆ ಖರ್ಚು ಮಾಡಿದ ಎರಡು ವರ್ಷದೊಳಗೆ ಹಾಕಬೇಕು, ಅವನಿಗೂ ಕಾಪಿ ಕಳಿಸಬೇಕು. ಜನ ಇದನ್ನ ಮರೀತಾರೆ, ಕೈಯಿಂದ ಹಾಕಿದ್ದು ಹಾಗೇ ಹೋಗಿಬಿಡತ್ತೆ. ನಿನ್ನ ಮೈಲೇಜು, ರಜೆ ಹಾಕಿದ್ದು, ಅದೆಲ್ಲಾ ಸೇರಲ್ಲ, ಅದಕ್ಕೆ ಬೇಜಾರು ಬೇಡ.

ದುಡ್ಡು ಪೂರ್ತಿ ಬಂದ ಮೇಲೆ ನಿನ್ನ ಕಡೆಯಿಂದ ಒಂದು ಕರ್ತವ್ಯ ಇದೆ. ಬಾಕಿ ತೀರಿದೆ ಅಂತ ಕೋರ್ಟಿಗೆ ಬರೆದು ಕೊಡಬೇಕು, ಎಸ್‌ಸಿ-290. ಲೀನ್ ದಾಖಲು ಮಾಡಿಸಿದ್ರೆ ಅದು ಸಾಲಲ್ಲ, ಇಜೆ-100 ಅನ್ನೋದನ್ನ ನೋಟರಿ ಮುಂದೆ ಸಹಿ ಮಾಡಿ ಕೊಡಬೇಕು, ಆಗಲೇ ಅವನ ಮನೆ ಮೇಲಿನ ಭಾರ ಇಳಿಯೋದು. ಚೆಕ್ಕು ಕೊಟ್ಟ ತಕ್ಷಣ ಸಹಿ ಮಾಡಬೇಡ, ಪಾಸಾಗಿ ದುಡ್ಡು ನಿನ್ನ ಅಕೌಂಟಲ್ಲಿ ನಿಂತ ಮೇಲೆ ಮಾಡು. ನಿಂತ ಮೇಲೆ ಮಾತ್ರ ಒಂದು ದಿನಾನೂ ತಡ ಮಾಡಬೇಡ, ಅವನು ನಿನ್ನನ್ನ ಸತಾಯಿಸಿದ ಹಾಗೆ ನಾವು ಮಾಡೋದು ಬೇಡ, ಕಾನೂನಲ್ಲೂ ಅದಕ್ಕೆ ದಂಡ ಇದೆ.

ಈಗಿರೋ ಹೊಸ ಮನೆಯ ಅಗ್ರಿಮೆಂಟ್ ಕೂಡ ನಂಗೊಂದು ಕಾಪಿ ಕಳಿಸು. 2024ರ ಜುಲೈಯಿಂದ ಕ್ಯಾಲಿಫೋರ್ನಿಯಾದಲ್ಲಿ ಡೆಪಾಸಿಟ್ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ, ಒಂದೆರಡು ಮನೆ ಮಾತ್ರ ಇರೋ ಸಣ್ಣ ಓನರ್‌ಗಳಿಗೆ ಎರಡು ತಿಂಗಳು ಅಂತ ವಿನಾಯಿತಿ ಇದೆ. ನಿನ್ನ ಹತ್ರ ಎಷ್ಟು ತಗೊಂಡಿದ್ದಾರೆ ಅಂತ ನೋಡ್ಬೇಕು.

ತೀರ್ಪಿನ ನೋಟಿಸ್‌ನ ಎರಡೂ ಪುಟದ ಫೋಟೋ ಇವತ್ತು ರಾತ್ರಿನೇ ಕಳಿಸು, ಕ್ಲರ್ಕ್ ಮೇಲ್ ಮಾಡಿದ ತಾರೀಖು ಸರಿಯಾಗಿ ಕಾಣೋ ಹಾಗೆ. 30 ದಿನ ಯಾವತ್ತಿಗೆ ಮುಗಿಯತ್ತೆ ಅಂತ ನಾನೇ ಲೆಕ್ಕ ಹಾಕಿ ಹೇಳ್ತೀನಿ. ಶನಿವಾರ ನಿಮ್ಮತ್ತೆ ಕೂಡ ಮನೇಲಿರ್ತಾಳೆ, ಫೋನ್ ಮಾಡು, ಲ್ಯಾಪ್‌ಟಾಪ್ ಮುಂದಿಟ್ಕೊಂಡು ಆ ಪತ್ರವನ್ನ ಒಟ್ಟಿಗೆ ಬರೆಯೋಣ. ಊಟ ನಿದ್ದೆ ಸರಿಯಾಗಿ ಮಾಡು.

ನಿನ್ನ ಪ್ರೀತಿಯ
ಸೋದರಮಾವ